ಮಂಜಿನಲ್ಲಿ ಇನ್ನೂರ ನಲವತ್ತೇಳು ಮೀಟರ್

ಮೊನ್ನೆ ಅಕ್ಟೋಬರಿನ ಒಂದು ಬೆಳಿಗ್ಗೆ ಸೈಕಲ್ ಪಂಕ್ಚರಾಗಿ ಎರ್ಲಾಂಗೆನ್ನಿನಲ್ಲಿ ಬಸ್ ಹಿಡಿದೆ. ಮುಂದಿನ ಸ್ಟಾಪಿನಲ್ಲಿ ಒಬ್ಬ ಹೆಂಗಸು ನಾಯಿಯೊಂದಿಗೆ ಹತ್ತಿ ನನ್ನ ಎದುರಿಗೆ ಕೂತಳು. ಹೊರಗೆ ದಟ್ಟ ಮಂಜು. ನಾಯಿಯ ಮೈಯೆಲ್ಲ ತೊಯ್ದಿತ್ತು. ಜೋಲು ಕಿವಿಯ ಕೆಂಚು ಬೇಟೆನಾಯಿ. ಒದ್ದೆ ನಾಯಿಯ ವಾಸನೆ ಬಸ್ಸಿನ ಹೀಟರಿನ ಬಿಸಿಗೆ ಎದ್ದು ನೇರ ನನ್ನ ಮೂಗಿಗೆ ಬಡಿಯಿತು. ನಾನು ಎರಡು ಸ್ಟಾಪ್ ಮೊದಲೇ ಇಳಿದುಬಿಟ್ಟೆ.

ಮಂಜು ಬಿದ್ದರೆ ನನಗೆ ಸಿಟ್ಟು ಬರುತ್ತದೆ. ಮಂಜಿನ ಮೇಲಲ್ಲ, ಪಾಪ, ಅದೇನು ಮಾಡೀತು. ನನ್ನ ಮೇಲೆ, ಗುರುರಾಜಣ್ಣನ ಮೇಲೆ, ಹಿರಿಯರ ಎದುರು ಬಾಯಿ ಬಿಡಬಾರದು ಎಂದು ನನಗೆ ಕಲಿಸಿದ ಎಲ್ಲರ ಮೇಲೆ. ನಾಲ್ಕು ವರ್ಷದ ಹಿಂದಿನ ಒಂದು ಶರತ್ಕಾಲ ಈ ಸಿಟ್ಟನ್ನು ನನಗೆ ಕೊಟ್ಟು ಹೋಯಿತು.

ಆ ವರ್ಷದ ಬೇಸಿಗೆಯಲ್ಲಿ ಇಂಗೋಲ್‌ಸ್ಟಾಟಿನ ನನ್ನ ಕೆಲಸ ಹೋಗಿತ್ತು. ಕಾರುಗಳಿಗೆ ಮುಂದಿರುವ ವಸ್ತುವಿನ ದೂರ ಹೇಳುವ ಸೆನ್ಸರಿನ ಕೆಲಸ ಅದು. ಒಂದು ದಿನ ಇಡೀ ತಂಡವನ್ನೇ ಮುಚ್ಚಿದರು. ವೀಸಾ ಇರುವುದು ಕೆಲಸದ ಮೇಲೆ. ಆವುಸ್‌ಲೆಂಡರ್‌ಬೆಹೋರ್ಡೆಯಿಂದ, ಅಂದರೆ ನಮ್ಮಂಥ ಪರದೇಶಿಗಳ ಹಣೆಬರಹ ಬರೆಯುವ ಕಚೇರಿಯಿಂದ, ಇಂತಿಷ್ಟು ದಿನದೊಳಗೆ ಬೇರೆ ಕೆಲಸ ಹುಡುಕಿಕೊಳ್ಳಿ ಎಂದು ಪತ್ರ ಬಂತು. ಮಗಳು ನಿಧಿ ಆಗಷ್ಟೇ ಕಿಟಾಗೆ, ಅಂದರೆ ಇಲ್ಲಿನ ಶಿಶುವಿಹಾರಕ್ಕೆ, ಹೋಗಲು ಶುರು ಮಾಡಿ, ಮನೆಯಲ್ಲೂ ಜರ್ಮನ್‌ನಲ್ಲೇ ಜಗಳ ಕಾಯುತ್ತಿದ್ದಳು. ನಾನು ಅರ್ಜಿ ಹಾಕಿ ಹಾಕಿ ಸುಸ್ತಾದೆ. ಆಗ ಕೈ ಹಿಡಿದವನು ಗುರುರಾಜಣ್ಣ.

ಗುರುರಾಜಣ್ಣ ಧಾರವಾಡದವನು. ನನಗಿಂತ ಹತ್ತು ವರ್ಷ ದೊಡ್ಡವನು, ಎರ್ಲಾಂಗೆನ್ನಿನ ಹೊರಗಿನ ಒಂದು ಸಣ್ಣ ಆಪ್ಟಿಕ್ಸ್ ಕಂಪನಿಯಲ್ಲಿ ಟೀಮ್ ಲೀಡ್. ಕನ್ನಡ ಕೂಟದ ಯುಗಾದಿಯಲ್ಲಿ ಎರಡು ಸಲ ಭೇಟಿಯಾಗಿದ್ದೆವು, ಅಷ್ಟೇ. ಫೋನಿನಲ್ಲಿ, "ನಾಳೆ ಬಾ, ನಮ್ಮ ಬಾಸ್ ಜೊತಿ ಮಾತಾಡೀನಿ. ನಮ್ಮವರಿಗೆ ನಾವು ಆಗಲಿಲ್ಲಾಂದ್ರ ಇನ್ನ್ಯಾರು ಆಗ್ತಾರ?" ಎಂದ. ಆಗಸ್ಟಿನಲ್ಲಿ ಕೆಲಸಕ್ಕೆ ಸೇರಿದೆ. ಮನೆ ಸಿಗುವವರೆಗೆ ನಾವು ಮೂವರೂ ಅವನ ಮನೆಯಲ್ಲೇ ಒಂದು ತಿಂಗಳು ಉಂಡೆವು. ಉಂಡ ಮನೆಗೆ ಎರಡು ಬಗೆಯಬಾರದು ಎನ್ನುತ್ತಾರಲ್ಲ, ಆ ಮಾತಿನ ಭಾರ ಉಂಡವನಿಗೇ ಗೊತ್ತು.

ಕಂಪನಿ ಮಾಡುತ್ತಿದ್ದುದು ಬೇಟೆಗಾರರ ದುರ್ಬೀನು. ಅದರೊಳಗೊಂದು ಲೇಸರ್. ಪ್ರಾಣಿಯ ಕಡೆ ಹಿಡಿದು ಗುಂಡಿ ಒತ್ತಿದರೆ ಕಣ್ಣಿಗೆ ಕಾಣದ ಬೆಳಕು ಹೋಗಿ ತಾಗಿ ಮರಳುತ್ತದೆ. ಹೋಗಿ ಬಂದ ಹೊತ್ತನ್ನು ಲೆಕ್ಕ ಹಾಕಿ ಯಂತ್ರ ದೂರ ಹೇಳುತ್ತದೆ. ದೂರ ಹೋದಷ್ಟೂ ಗುಂಡು ಕೆಳಗಿಳಿಯುತ್ತದೆ, ಆದ್ದರಿಂದ ಬೇಟೆಗಾರ ಆ ಅಂಕಿ ನೋಡಿ ಕೋವಿಯ ಮೇಲಿನ ದುರ್ಬೀನಿನ ಉಂಗುರ ತಿರುಗಿಸಿ ಗುರಿಯನ್ನು ಅಷ್ಟು ಎತ್ತರಿಸಿಕೊಳ್ಳುತ್ತಾನೆ. ಅಂಕಿ ಸರಿಯಿದ್ದರೆ ಪ್ರಾಣಿ ನರಳದೆ ಸಾಯುತ್ತದೆ. ಇಂಗೋಲ್‌ಸ್ಟಾಟಿನಲ್ಲಿ ಕಾರು ಯಾರನ್ನೂ ಗುದ್ದದಿರಲಿ ಎಂದು ದೂರ ಅಳೆಯುತ್ತಿದ್ದವನು ಇಲ್ಲಿ ಗುಂಡು ಗುದ್ದಲೇಬೇಕು ಎಂದು ಅಳೆಯತೊಡಗಿದೆ.

"ಕೊಳ್ಳಾಗ ಲಿಂಗ ಕಟ್ಟಿಕೊಂಡು ಹಂದಿ ಹೊಡಿಯೋ ಕೆಲಸಕ್ಕ ಹೊಂಟ್ರೇನ್ರಿ?" ಎಂದು ಹೆಂಡತಿ ಸುಮಾ ನಕ್ಕಳು.

"ನಾ ಹೊಡಿಯಂಗಿಲ್ಲ, ಬರೇ ಅಳೀತೀನಿ," ಎಂದೆ. ನಮ್ಮಪ್ಪ ಬೈಲಹೊಂಗಲ ತಾಲೂಕಿನಲ್ಲಿ ಸರ್ವೇ ಇಲಾಖೆಯಲ್ಲಿದ್ದವರು. ಸರಪಳಿ ಹಿಡಿದು ಹೊಲ ಅಳೆದು ಅಳೆದು ಅವರ ಅಂಗೈ ದಡ್ಡುಗಟ್ಟಿತ್ತು. "ಅಳತಿ ಸುಳ್ಳಾದ್ರ ಜಗಳಾ ಮೂರು ತಲಿ ನಡೀತೈತಿ" ಎನ್ನುತ್ತಿದ್ದರು. ಅಳೆಯುವುದು ನಮ್ಮ ಮನೆತನದ ಕಸುಬು, ಅದರಲ್ಲಿ ಪಾಪವೇನು ಬಂತು ಎಂದುಕೊಂಡಿದ್ದೆ.

ಪ್ರಯೋಗಕ್ಕೆ ಕಾಡು ಬೇಕಲ್ಲ. ಅದನ್ನು ಕೊಟ್ಟವರು ಹೆರ್ ಡೆಂಗ್ಲರ್, ಅಂದರೆ ಡೆಂಗ್ಲರ್ ಸಾಹೇಬರು. ಎಪ್ಪತ್ತೊಂದರ ವಯಸ್ಸು, ಅರಣ್ಯ ಇಲಾಖೆಯಿಂದ ನಿವೃತ್ತರು, ಹೆಂಡತಿ ತೀರಿಹೋಗಿದ್ದರು. ಊರಿನಿಂದ ಮುಕ್ಕಾಲು ಗಂಟೆ ದೂರದ ಹಳ್ಳಿಯೊಂದರ ಆಚೆ, ಅವರು ಬೇಟೆಯ ಹಕ್ಕು ಪಡೆದಿದ್ದ ಕಾಡು ಮತ್ತು ಹೊಲಗಳಲ್ಲಿ ಕಂಪನಿಯ ಹೊಸ ದುರ್ಬೀನುಗಳನ್ನು ಪರೀಕ್ಷಿಸಲು ಬಿಡುತ್ತಿದ್ದರು. ಸೆಪ್ಟೆಂಬರಿನಿಂದ ವಾರಕ್ಕೆ ಎರಡು ಮೂರು ದಿನ ನಾನು ಅಲ್ಲೇ. ಜೊತೆಗೆ ಅವರ ನಾಯಿ ಆಸ್ತಾ. ಗಾಯಗೊಂಡು ಓಡಿದ ಪ್ರಾಣಿಯ ರಕ್ತದ ಜಾಡು ಹಿಡಿಯಲೆಂದೇ ಪಳಗಿಸಿದ ಕೆಂಚು ಹೆಣ್ಣುನಾಯಿ. ಮೊದಲ ದಿನ ನನ್ನನ್ನು ಮೂಸಿ ನೋಡಿ, ಇವನಿಂದ ಉಪಯೋಗವಿಲ್ಲ ಎಂಬಂತೆ ಮುಖ ತಿರುಗಿಸಿತು.

ಡೆಂಗ್ಲರ್ ಅವರದು ಒಂದು ಪದ್ಧತಿ. ಕಲ್ಲಿರಲಿ, ಬೇಲಿಯ ಕಂಬವಿರಲಿ, ಮೊದಲು ಬರಿಗಣ್ಣಿನಿಂದ ನೋಡಿ ದೂರ ಅಂದಾಜಿಸಿ ಜೇಬಿನ ಪುಸ್ತಕದಲ್ಲಿ ಪೆನ್ಸಿಲಿನಿಂದ ಬರೆಯುವರು. ಆಮೇಲೆ ಯಂತ್ರದ ಗುಂಡಿ ಒತ್ತಿ ಅದರ ಕೆಳಗೆ ಆ ಅಂಕಿ. ಕೊನೆಗೆ ಹೆಜ್ಜೆ ಎಣಿಸುತ್ತ ಅಲ್ಲಿಯವರೆಗೂ ನಡೆದುಹೋಗಿ ಮೂರನೆಯ ಅಂಕಿ. ಮೂರು ಸಾಲಿಗೆ ಒಂದು ಗೆರೆ. ಅವರ ಅಂದಾಜು ಐದಾರು ಮೀಟರಿಗಿಂತ ಹೆಚ್ಚು ತಪ್ಪುತ್ತಿರಲಿಲ್ಲ. ಹಾಗಿದ್ದರೆ ನಿಮಗೆ ಈ ಯಂತ್ರ ಯಾಕೆ ಬೇಕು ಎಂದು ಒಮ್ಮೆ ಕೇಳಿದೆ. "ನನಗೆ ವಯಸ್ಸಾಗುತ್ತಿದೆ. ಯಾವ ದಿನ ಕಣ್ಣು ಸುಳ್ಳು ಹೇಳಲು ಶುರು ಮಾಡುತ್ತದೋ ಗೊತ್ತಿಲ್ಲ. ಅದಕ್ಕಾಗಿ ಯಾವ ಪ್ರಾಣಿಯೂ ನರಳಬಾರದು," ಎಂದರು.

ಮಧ್ಯಾಹ್ನ ಜೀಪಿನ ಹಿಂಬಾಗಿಲು ತೆರೆದು ಅಲ್ಲೇ ಊಟ. ಅವರದು ಕಪ್ಪು ಬ್ರೆಡ್ಡು, ಚೀಸು. ನನ್ನದು ಚಪಾತಿ, ಶೇಂಗಾ ಚಟ್ನಿ. ಎರಡನೆಯ ವಾರಕ್ಕೆ ಸುಮಾ ನಾಲ್ಕು ಚಪಾತಿ ಹೆಚ್ಚಿಗೆ ಕಟ್ಟತೊಡಗಿದಳು, ಎರಡು ಅಜ್ಜನಿಗೆ, ಎರಡು ಆಸ್ತಾಳಿಗೆ. ಆಸ್ತಾ ನನ್ನ ಬಗ್ಗೆ ಅಭಿಪ್ರಾಯ ಬದಲಿಸಿತು. ಬ್ಯಾಗಿನ ಜಿಪ್ಪಿನ ಸದ್ದಿಗೇ ಎದ್ದು ಬಂದು ನನ್ನ ಮೊಣಕಾಲ ಮೇಲೆ ಗಲ್ಲ ಇಡುತ್ತಿತ್ತು. ನಾನು ಹಳ್ಳಿಯ ಕಥೆ ಹೇಳುವೆ, ಅಪ್ಪನ ಸರಪಳಿಯ ಬಗ್ಗೆ ಹೇಳುವೆ. ಒಂದು ದಿನ ಪ್ರೊಬೆಟ್ಸೈಟ್ ಬಗ್ಗೆಯೂ ಹೇಳಿಕೊಂಡೆ: ಆರು ತಿಂಗಳ ಪರೀಕ್ಷಾ ಅವಧಿ, ಜನವರಿ ಕೊನೆಯವರೆಗೆ ಯಾವಾಗ ಬೇಕಾದರೂ ಕೆಲಸದಿಂದ ತೆಗೆಯಬಹುದು, ತೆಗೆದರೆ ಈ ಸಲ ಗಂಟುಮೂಟೆ ಕಟ್ಟುವುದೇ. ಅವರು ತಲೆಯಾಡಿಸಿ ಚಪಾತಿ ಮುರಿದರು.

ಅಕ್ಟೋಬರಿನಲ್ಲಿ ಮಂಜು ಶುರುವಾಯಿತು. ಮಂಜಿನಲ್ಲಿ ಲೇಸರಿನ ಬೆಳಕು ಹತ್ತಿರದ ಹನಿಗಳಿಗೇ ತಾಗಿ ಮರಳಿಬಿಡುತ್ತದೆ, ಯಂತ್ರ ಮೋಸಹೋಗುತ್ತದೆ. ಅದಕ್ಕೆ ಗುರುರಾಜಣ್ಣ ಒಂದು ಉಪಾಯ ಕಂಡುಹಿಡಿದಿದ್ದ. ಮೊದಲು ಮರಳುವ ದುರ್ಬಲ ಬೆಳಕನ್ನೆಲ್ಲ ಮಂಜೆಂದು ಬಿಟ್ಟು, ಕೊನೆಗೆ ಬರುವ ಗಟ್ಟಿ ಬೆಳಕನ್ನು ಮಾತ್ರ ನಂಬುವುದು. ಇದೇ ಫಾಗ್ ಮೋಡ್. ಮುಂದಿನ ಮೆಸ್ಸೆಯಲ್ಲಿ, ದೊಡ್ಡ ವ್ಯಾಪಾರ ಮೇಳದಲ್ಲಿ, ಕಂಪನಿ ಇದನ್ನೇ ಮೆರೆಸಬೇಕಿತ್ತು. ಕಲ್ಲಿಗೆ, ಕಂಬಕ್ಕೆ, ಹುಲ್ಲಿನ ಉರುಳೆಗೆ ಚೆನ್ನಾಗಿಯೇ ನಡೆಯಿತು.

ಒಂದು ವಾರ ಡೆಂಗ್ಲರ್ ಜ್ವರ ಹಿಡಿದು ಮಲಗಿದರು. ನಾನೊಬ್ಬನೇ ಹೋದೆ. ಅವರ ಕೊಟ್ಟಿಗೆಯಲ್ಲಿ ಹಳೆಯ ಕಾಡುಹಂದಿಯ ತೊಗಲೊಂದಿತ್ತು. ಅದನ್ನು ಹೆಗಲ ಮೇಲೆ ಹೊತ್ತುಕೊಂಡು ಹೋಗಿ ಹೊಲದ ನಡುವೆ ಗೂಟಕ್ಕೆ ಕಟ್ಟಿದೆ. ಬೈಲಹೊಂಗಲದ ಮಂದಿ ಯಾರಾದರೂ ನೋಡಿದ್ದರೆ ಊರು ಬಿಡಿಸುತ್ತಿದ್ದರು. ಮಂಜಿನಲ್ಲಿ ತೊಗಲು ತೊಯ್ದ ಮೇಲೆ ಅಳೆದೆ. ಒದ್ದೆ ಕಪ್ಪು ಕೂದಲು ಬೆಳಕನ್ನು ನುಂಗುತ್ತದೆ. ಅದರಿಂದ ಮರಳುವ ಅಷ್ಟಿಷ್ಟು ಬೆಳಕನ್ನೂ ಯಂತ್ರ ಮಂಜೆಂದು ತಳ್ಳಿಹಾಕಿ, ಹಿಂದಿನ ಕಾಡಿನ ಮರಗಳ ದೂರ ಹೇಳಿತು. ಪ್ರತಿ ಸಲವೂ ಅಲ್ಲ, ಐದಕ್ಕೆ ಎರಡು ಸಲ. ಹೇಳುವಾಗ ಕಿಂಚಿತ್ತೂ ಅನುಮಾನವಿಲ್ಲದೆ ಹೇಳುತ್ತಿತ್ತು.

ಮರುದಿನ ಗುರುರಾಜಣ್ಣನ ಕಾರಿನಲ್ಲಿ ವಿಷಯ ಎತ್ತಿದೆ. "ಅಣ್ಣಾ, ಹಂದಿ ತೊಗಲ ಮ್ಯಾಲೆ ಫಾಗ್ ಮೋಡ್ ಕೈ ಕೊಡಾಕ ಹತ್ತೈತಿ. ಇದನ್ನ ರಿಪೋರ್ಟ್‌ನ್ಯಾಗ ಹಾಕಬೇಕು."

ಅವನು ಗೇರು ಬದಲಿಸಿದ. "ಮಲ್ಲೂ, ತೊಗಲು ಅಂದ್ರ ಜೀವಂತ ಹಂದಿ ಅಲ್ಲಪಾ. ಹಳೇ ತೊಗಲು, ಮೇಲಿಂದ ಒದ್ದಿ. ಔಟ್‌ಲೈಯರ್ ಅಂತ ತಗದು ಹಾಕು. ಮೆಸ್ಸೆ ಮುಗೀಲಿ, ನಾನೂ ನೀನೂ ಕೂತು ಸರಿ ಮಾಡೋಣ. ಅಲ್ಲೀತನಕ ಆ ಮುದುಕನ ಮುಂದ, ಬಾಸ್ ಮುಂದ ಬಾಯಿ ಬಿಡಬ್ಯಾಡ. ಏನಿದ್ರೂ ನನಗ ಹೇಳು. ನಿನ್ನ ತಂದವ ನಾನು, ನಂದೂ ಮರ್ಯಾದಿ ಅದ ನೋಡು."

"ಆತು ಅಣ್ಣಾ," ಎಂದೆ. ಸಂಜೆ ಕೂತು ಆ ಅಂಕಿಗಳನ್ನೆಲ್ಲ ಅಳಿಸಿದೆ. ಅಪ್ಪ ನೋಡಿದ್ದರೆ ಸರಪಳಿಯಿಂದಲೇ ಹೊಡೆಯುತ್ತಿದ್ದರು.

ತಿಂಗಳ ಕೊನೆಯ ಶುಕ್ರವಾರ. ಡೆಂಗ್ಲರ್ ಚೇತರಿಸಿಕೊಂಡಿದ್ದರು. ಕಟಾವು ಮಾಡಿದ ಮೆಕ್ಕೆಜೋಳದ ಹೊಲಕ್ಕೆ ಬೆಳಗಿನ ಜಾವ ಹಂದಿಗಳು ಬರುತ್ತಿವೆ, ಬನ್ನಿ ಎಂದು ಕರೆದರು. ಮೆಸ್ಸೆಗೆ ವಿಡಿಯೊ ಬೇಕೆಂದು ಗುರುರಾಜಣ್ಣನೂ ಬಂದ. ಹೊಲದಂಚಿನ ಮರದ ಅಟ್ಟಣಿಗೆಯ ಪೆಟ್ಟಿಗೆಯಂಥ ಕೋಣೆಯಲ್ಲಿ ಮೂವರು ಒತ್ತಿಕೊಂಡು ಕೂತೆವು: ಮುಂದೆ ಕೋವಿಯೊಂದಿಗೆ ಡೆಂಗ್ಲರ್, ಪಕ್ಕದಲ್ಲಿ ನಾನು, ಹಿಂದೆ ಮೊಬೈಲು ಹಿಡಿದ ಗುರುರಾಜಣ್ಣ. ಆಸ್ತಾ ಜೀಪಿನಲ್ಲಿ. ಬೆಳಕು ಹರಿಯಿತು. ಮಂಜು ಹೊಲದ ಮೇಲೆ ತೆಳ್ಳಗೆ ಹರಡಿತ್ತು. ಕೂಳೆಗಳ ನಡುವೆ ಒಂದು ದೊಡ್ಡ ಗಂಡುಹಂದಿ ಮೂತಿಯಿಂದ ಮಣ್ಣು ಎತ್ತುತ್ತ ಬಂತು.

ಡೆಂಗ್ಲರ್ ಬರಿಗಣ್ಣಿನಿಂದ ನೋಡಿ, "ನೂರ ಎಂಬತ್ತೈದು," ಎಂದು ಪಿಸುಗುಟ್ಟಿ ಪುಸ್ತಕದಲ್ಲಿ ಬರೆದರು. ಆಮೇಲೆ ದುರ್ಬೀನು ಎತ್ತಿ ಗುಂಡಿ ಒತ್ತಿದರು. ಪರೀಕ್ಷೆಗೆಂದು ದುರ್ಬೀನಿಗೆ ಜೋಡಿಸಿ ನಾನು ಕೈಯಲ್ಲಿ ಹಿಡಿದಿದ್ದ ಡಿಸ್‌ಪ್ಲೇಯಲ್ಲಿ ನನಗೂ ಅಂಕಿ ಕಂಡಿತು: ಇನ್ನೂರ ನಲವತ್ತೇಳು. ಅವರು ಹುಬ್ಬು ಗಂಟಿಕ್ಕಿ ಮತ್ತೊಮ್ಮೆ ಒತ್ತಿದರು. ಅದೇ ಅಂಕಿ. ಹಂದಿಯ ಹಿಂದೆ ಕಾಡಿನ ಅಂಚು ನನಗೆ ಚೆನ್ನಾಗಿ ಕಾಣುತ್ತಿತ್ತು. ಅದು ಮರಗಳ ದೂರ ಎಂದು ನನಗೆ ಗೊತ್ತಾಯಿತು. ಅನುಮಾನವಲ್ಲ, ಗೊತ್ತಾಯಿತು.

ಅವರು ನನ್ನ ಕಡೆ ತಿರುಗಿ, "ಇದು ಸರಿಯೇ?" ಎಂದು ಕೇಳಿದರು.

ನನ್ನ ಹೆಗಲ ಮೇಲೆ ಹಿಂದಿನಿಂದ ಗುರುರಾಜಣ್ಣನ ಕೈ ಬಂತು. ಒತ್ತಲಿಲ್ಲ, ಸುಮ್ಮನೆ ಕೂತಿತ್ತು. ಹಿರಿಯನ ತಪ್ಪನ್ನು ಮೂರನೆಯವರ ಎದುರು ಎತ್ತಬಾರದು. ಹೇಳುವುದಿದ್ದರೆ ಆಮೇಲೆ, ನಾವು ನಾವೇ ಇದ್ದಾಗ. ಇದನ್ನು ನನಗೆ ಯಾರೂ ಪಾಠ ಮಾಡಿದ್ದಲ್ಲ, ಹಾಲಿನೊಂದಿಗೆ ಕುಡಿದದ್ದು. ಕಾರಿನಲ್ಲಿ ಹೇಳಿದರಾಯಿತು ಎಂದುಕೊಂಡೆ. ನಂಬಿ, ನನ್ನ ತಲೆಗೆ ಬಂದದ್ದು ಅದೇ: ಕಾರಿನಲ್ಲಿ ಹೇಳಿದರಾಯಿತು. ನಾನು ತಲೆಯಾಡಿಸಿ, "ಹೌದು," ಎಂದೆ.

ಡೆಂಗ್ಲರ್ ಉಂಗುರ ತಿರುಗಿಸಿ ಗುರಿ ಹಿಡಿದರು. ಗುಂಡು ಹಾರಿತು. ಹಂದಿ ನಿಂತಲ್ಲೇ ಕುಸಿಯಿತು.

"ಶಾಭಾಸ್!" ಎಂದ ಗುರುರಾಜಣ್ಣ. ಅವನ ಮಾತು ಮುಗಿಯುವಷ್ಟರಲ್ಲಿ ಹಂದಿ ಮುಂಗಾಲೂರಿ ಎದ್ದಿತು, ಒಂದು ಸುತ್ತು ತಿರುಗಿ ಕಾಡಿನೊಳಗೆ ಓಡಿತು. ಡೆಂಗ್ಲರ್ ಕೋವಿ ಇಳಿಸಿ ತಮ್ಮ ಕೈಗಳನ್ನು ನೋಡಿಕೊಂಡರು. "ಮೇಲೆ ಬಿತ್ತು. ಬೆನ್ನಿನ ಮೇಲೆ ತಾಗಿದೆ," ಎಂದರು.

ಒಂದು ಗಂಟೆ ಕಾದು ಇಳಿದೆವು. ಹಂದಿ ಬಿದ್ದಿದ್ದ ಜಾಗದಲ್ಲಿ ಕತ್ತರಿಸಿದ ಒರಟು ಕೂದಲು, ಎರಡು ಹನಿ ರಕ್ತ. ಅಲ್ಲೊಂದು ರೆಂಬೆ ನೆಟ್ಟು ಗುರುತು ಮಾಡಿ ಡೆಂಗ್ಲರ್ ಆಸ್ತಾಳನ್ನು ಉದ್ದನೆಯ ಪಟ್ಟಿಗೆ ಕಟ್ಟಿ ತಂದರು. ಅದು ಮೂಗು ನೆಲಕ್ಕಿಟ್ಟು, ಯಾವ ಗಡಿಬಿಡಿಯೂ ಇಲ್ಲದೆ ನಮ್ಮನ್ನು ಕಾಡಿನೊಳಗೆ ಕರೆದೊಯ್ದಿತು. ಮುಳ್ಳುಪೊದೆಗಳ ಒಂದು ದಟ್ಟ ಗುಂಪಿನ ಎದುರು ನಿಂತು ನಡುಗಿತು. ಮನುಷ್ಯ ನುಗ್ಗಲಾಗದ ಜಾಗ. ಡೆಂಗ್ಲರ್ ಪಟ್ಟಿ ಬಿಚ್ಚಿ ನಮಗೆ ದೂರ ನಿಲ್ಲಲು ಹೇಳಿದರು. ಒಳಗಿನಿಂದ ಬೊಗಳಿಕೆ ಕೇಳಿತು, ಆಮೇಲೆ ಪೊದೆ ಮುರಿಯುವ ಸದ್ದು, ಆಮೇಲೆ ಒಂದು ಕೂಗು. ಅವರು ಮುಳ್ಳಿನೊಳಗೆ ನುಗ್ಗಿದರು. ಒಂದು ಗುಂಡಿನ ಸದ್ದು.

ನಾವು ಹೋಗುವಷ್ಟರಲ್ಲಿ ಹಂದಿ ಸತ್ತಿತ್ತು. ಆಸ್ತಾಳ ಪಕ್ಕೆಯನ್ನು ಕೋರೆ ಉದ್ದಕ್ಕೂ ಸೀಳಿತ್ತು. ಡೆಂಗ್ಲರ್ ಅಂಗಿ ಬಿಚ್ಚಿ ಒತ್ತಿ ಹಿಡಿದಿದ್ದರು, ಅದರಿಂದ ಏನೂ ಆಗುವಂತಿರಲಿಲ್ಲ. ನಾನು ಮಂಡಿಯೂರಿ ಕೂತೆ. ಅದು ಎಂದಿನಂತೆ ಗಲ್ಲವನ್ನು ನನ್ನ ಮೊಣಕಾಲ ಕಡೆ ಎಳೆಯಲು ನೋಡಿತು, ಆಗಲಿಲ್ಲ. ಹತ್ತು ನಿಮಿಷ ಬದುಕಿತ್ತು.

ಅಲ್ಲಿನ ಬೇಟೆಗಾರರದು ಒಂದು ಕಟ್ಟಳೆ. ಸತ್ತ ಪ್ರಾಣಿಯ ಬಾಯಿಗೆ ಹಸಿರು ರೆಂಬೆಯ ತುಂಡೊಂದನ್ನು ಕೊನೆಯ ತುತ್ತೆಂದು ಇಡುತ್ತಾರೆ. ಇನ್ನೊಂದು ತುಂಡನ್ನು ಹೊಡೆದವನ ಟೊಪ್ಪಿಗೆಗೆ ಸಿಕ್ಕಿಸುತ್ತಾರೆ. ಜಾಡು ಹಿಡಿದ ನಾಯಿಗೆ ಅವನು ಅದರಲ್ಲೊಂದು ಚೂರು ಮುರಿದು ಕೊಡುತ್ತಾನೆ. ಡೆಂಗ್ಲರ್ ಹಂದಿಯ ಬಾಯಿಗೆ ರೆಂಬೆ ಇಟ್ಟರು. ತಮ್ಮ ಟೊಪ್ಪಿಗೆಗೆ ಏನೂ ಸಿಕ್ಕಿಸಿಕೊಳ್ಳಲಿಲ್ಲ. ಉಳಿದ ಇಡೀ ರೆಂಬೆಯನ್ನು ಆಸ್ತಾಳ ಕೊರಳಪಟ್ಟಿಗೆ ಸಿಕ್ಕಿಸಿ ಅದನ್ನು ಎರಡು ಕೈಯಲ್ಲಿ ಎತ್ತಿಕೊಂಡು ಜೀಪಿನವರೆಗೂ ನಡೆದರು. ನಾನು ಹಿಡಿಯಲು ಹೋದೆ, ಕೊಡಲಿಲ್ಲ.

ಕಾರಿನಲ್ಲಿ ಹೇಳಿದರಾಯಿತು ಎಂದುಕೊಂಡಿದ್ದೆನಲ್ಲ, ಕಾರಿನಲ್ಲಿ ಬಾಯಿ ಬರಲಿಲ್ಲ. ಗುರುರಾಜಣ್ಣನೇ ಹೇಳಿದ. "ಮುದುಕನ ಕೈ ನಡಗಿತು, ನೋಡಿದೆಲ್ಲ? ಜ್ವರದಿಂದ ಎದ್ದು ಬಂದಾನ. ಪಾಪ, ನಾಯಿ ಹೋತು."

"ಅಣ್ಣಾ, ಕೈ ಅಲ್ಲ, ಅಂಕಿ," ಎಂದೆ.

"ಮಲ್ಲೂ," ಎಂದ ಅವನು, ತೀರ ಮೆತ್ತಗೆ, "ನಿಂದು ಪ್ರೊಬೆಟ್ಸೈಟ್ ಯಾವಾಗ ಮುಗೀತದ?"

ಸೋಮವಾರ ಕಂಪನಿಗೆ ಡೆಂಗ್ಲರ್ ಅವರ ಪತ್ರ ಬಂತು. ತಪ್ಪು ಗುರಿ ಹಿಡಿದವನದು, ಉಪಕರಣದ ಬಗ್ಗೆ ದೂರಿಲ್ಲ, ಇನ್ನು ಮುಂದೆ ಪರೀಕ್ಷೆಗೆ ತಾವು ಲಭ್ಯವಿಲ್ಲ ಎಂದು ಬರೆದು ಸಹಿ ಹಾಕಿದ್ದರು. ಮುದುಕ ತನ್ನ ಕೈಯನ್ನೇ ದೂರಿಕೊಂಡ ಎಂದು ನನಗೆ ಸಂಕಟವಾಯಿತು. ಅದರ ಜೊತೆಗೆ, ನಾಚಿಕೆಗೆಟ್ಟು ಹೇಳುತ್ತೇನೆ, ಸಮಾಧಾನವೂ ಆಯಿತು. ಹೋಗಿ ನಿಜ ಹೇಳಬೇಕು ಎಂದು ಪ್ರತಿ ಶನಿವಾರ ಎದ್ದೆ, ಪ್ರತಿ ಶನಿವಾರ ಬೇರೆ ಏನೋ ಕೆಲಸ ಹುಟ್ಟಿಕೊಂಡಿತು. ಜನವರಿ ಮುಗಿಯಿತು, ನನ್ನ ಕೆಲಸ ಕಾಯಮಾಯಿತು. ವಸಂತದಲ್ಲಿ ನಾನೇ ಕೂತು ಫಾಗ್ ಮೋಡ್ ಸರಿಪಡಿಸಿದೆ. ಹೊಸ ಸಾಫ್ಟ್‌ವೇರಿನ ಟಿಪ್ಪಣಿಯಲ್ಲಿ, ಮಂಜಿನಲ್ಲಿ ಅಳತೆ ಇನ್ನಷ್ಟು ಉತ್ತಮಗೊಂಡಿದೆ ಎಂಬ ಒಂದು ಸಾಲು ಬರೆದವನೂ ನಾನೇ. ಗುರುರಾಜಣ್ಣ ಈಗ ವಿಭಾಗದ ಮುಖ್ಯಸ್ಥ. ರಾಜ್ಯೋತ್ಸವದಲ್ಲಿ ಹಳದಿ ಕೆಂಪು ಶಾಲು ಹೊದ್ದು, ನಮ್ಮವರಿಗೆ ನಾವು ಆಗಬೇಕು ಎಂದು ಭಾಷಣ ಮಾಡುತ್ತಾನೆ. ನಾನು ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟುತ್ತೇನೆ.

ಮೊನ್ನೆ ಬಸ್ಸಿನಿಂದ ಇಳಿದವನು ಆಫೀಸಿಗೆ ಹೋಗಲಿಲ್ಲ. ಸುಮಾಳಿಗೆ ಫೋನ್ ಮಾಡಿದೆ. ಆಕೆಗೆ ಎಲ್ಲ ಗೊತ್ತು. "ಹೋಗಿ ಬರ್ರಿ. ನಾಕು ವರ್ಷ ನಿದ್ದಿಗಣ್ಣಾಗ ಬಡಬಡಿಸಿದ್ದು ಸಾಕು," ಎಂದಳು. ರೈಲು, ಅಲ್ಲಿಂದ ಹಳ್ಳಿಯ ಬಸ್ಸು. ಡೆಂಗ್ಲರ್ ಬಾಗಿಲು ತೆರೆದು ನನ್ನನ್ನು ನೋಡಿದರು. ಸೊರಗಿದ್ದರು. ಗೋಡೆಯಲ್ಲಿ ಕೋವಿಗಳಿದ್ದ ಕಪಾಟು ಖಾಲಿ. ಮನೆಯಲ್ಲಿ ನಾಯಿಯ ವಾಸನೆ ಇರಲಿಲ್ಲ.

ನಿಂತುಕೊಂಡೇ ಶುರು ಮಾಡಿದೆ, "ಹೆರ್ ಡೆಂಗ್ಲರ್, ಆ ದಿನ ನಿಮ್ಮ ಕೈ ತಪ್ಪಿರಲಿಲ್ಲ..."

"ನನಗೆ ಗೊತ್ತು," ಎಂದರು. ಡ್ರಾಯರಿನಿಂದ ಜೇಬಿನ ಪುಸ್ತಕ ತೆಗೆದು ಪುಟ ತೆರೆದು ನನ್ನ ಮುಂದಿಟ್ಟರು. ಪೆನ್ಸಿಲಿನಲ್ಲಿ ಮೂರು ಸಾಲು. ಅವರ ಕಣ್ಣಿನದು ನೂರ ಎಂಬತ್ತೈದು. ಯಂತ್ರದ್ದು ಇನ್ನೂರ ನಲವತ್ತೇಳು. ಹೆಜ್ಜೆಯದು ನೂರ ಎಂಬತ್ತನಾಲ್ಕು. "ಮರುದಿನವೇ ನಡೆದು ನೋಡಿದೆ. ಆಸ್ತಾಳನ್ನು ಹೂಳಿ ಬಂದ ಮೇಲೆ."

"ಮತ್ತೆ ಆ ಪತ್ರ? ತಪ್ಪು ನಿಮ್ಮದೆಂದು ಬರೆದಿರಲ್ಲ?"

"ನಿಮಗೆ ಪ್ರೊಬೆಟ್ಸೈಟ್ ಅಂತ ನೀವೇ ಹೇಳಿದ್ದಿರಿ. ಚಿಕ್ಕ ಮಗಳಿದ್ದಾಳೆ ಅಂದಿದ್ದಿರಿ. ಅಳತೆ ತಪ್ಪು ಎಂದು ಬರೆದಿದ್ದರೆ ಅವರು ಮೊದಲು ಯಾರನ್ನು ಕಳಿಸುತ್ತಿದ್ದರು?" ಪುಸ್ತಕದ ಅಂಚನ್ನು ಬೆರಳಿನಿಂದ ಸರಿಪಡಿಸಿದರು. "ಫೆಬ್ರವರಿಯಲ್ಲಿ ಬರುತ್ತೀರಿ ಅಂದುಕೊಂಡಿದ್ದೆ. ಆಮೇಲೆ ಈಸ್ಟರಿಗೆ. ಆಮೇಲೆ ಕಾಯುವುದು ಬಿಟ್ಟೆ."

ಇಷ್ಟು ವರ್ಷ ನನ್ನನ್ನು ಈ ದೇಶದಲ್ಲಿ ಉಳಿಸಿದವನು ಗುರುರಾಜಣ್ಣ ಎಂದು ತಲೆ ತಗ್ಗಿಸಿಕೊಂಡು ಓಡಾಡಿದ್ದೆ. ಕುರ್ಚಿಯ ಬೆನ್ನು ಹಿಡಿದುಕೊಂಡೆ. ಕೂರಿ ಎಂದು ಅವರು ಹೇಳಲಿಲ್ಲ.

"ಯಂತ್ರವನ್ನು ನಾನು ನಂಬಿರಲಿಲ್ಲ," ಎಂದರು. "ನನ್ನ ಕಣ್ಣು ಬೇರೆ ಹೇಳುತ್ತಿತ್ತು. ಅದಕ್ಕೇ ನಿಮ್ಮನ್ನು ಕೇಳಿದೆ. ನಂಬಿದ್ದು ನಿಮ್ಮನ್ನು." ಪೆನ್ಸಿಲು ಎತ್ತಿಕೊಂಡು ಆ ಪುಟದ ಮೇಲೆ ಕೈಯಿಟ್ಟು ಅಂದಿನಂತೆಯೇ ನನ್ನ ಕಡೆ ತಿರುಗಿದರು. "ಈಗ ಹೇಳಿ. ಆ ಅಂಕಿ ಸರಿಯಿತ್ತೇ?"

ಹೆಗಲ ಮೇಲೆ ಯಾರ ಕೈಯೂ ಇರಲಿಲ್ಲ. ಆದರೂ ಒಮ್ಮೆ ಹಿಂದೆ ತಿರುಗಿ ನೋಡಿದೆ.

"ಇಲ್ಲ," ಎಂದೆ.

ಅವರು ಇನ್ನೂರ ನಲವತ್ತೇಳರ ಮೇಲೆ ಒಂದು ಗೆರೆ ಎಳೆದು ಪುಸ್ತಕ ಮುಚ್ಚಿದರು. ಆಮೇಲೆ ಗೋಡೆಯ ಗಡಿಯಾರ ನೋಡಿ, "ನಿಮ್ಮ ಬಸ್ಸು ಇನ್ನು ಹತ್ತು ನಿಮಿಷಕ್ಕೆ," ಎಂದರು.